ಹೊಡೆದವರ ಎದುರು ಕೂತ ವರ್ಷ

ಆಕೆಯ ತಲೆಯ ಹಿಂಭಾಗದಲ್ಲಿ ಅಂಗೈಯಗಲ ಜಾಗದಲ್ಲಿ ಕೂದಲಿರಲಿಲ್ಲ. ಬುಡಸಮೇತ ಕಿತ್ತುಬಂದು, ಅಲ್ಲಿ ಚುಕ್ಕೆ ಚುಕ್ಕೆಯಾಗಿ ರಕ್ತ ಹೆಪ್ಪುಗಟ್ಟಿತ್ತು. ಅದನ್ನು ಸೆರಗಿನಿಂದ ಮುಚ್ಚಿಕೊಂಡು ಹೊನ್ನಾಳಿಯ ನಮ್ಮ ಆಫೀಸಿನಲ್ಲಿ ಕೂತಿದ್ದಳು. ಪಕ್ಕದ ಕುರ್ಚಿಯಲ್ಲಿ ಆ ಕೂದಲು ಕಿತ್ತ ಗಂಡ. ಎದುರಿಗೆ ನಾನು. ಹೆಂಗಸರ ಕಷ್ಟ ಕೇಳುವ ಆ ಪುಟ್ಟ ಕೇಂದ್ರದಲ್ಲಿ ಸಮಾಲೋಚಕಿಯಾಗಿ ಹದಿನೆಂಟು ವರ್ಷ ಸವೆಸಿದ್ದೆ. ಗಂಡ ಹೆಂಡಿರನ್ನು ಒಟ್ಟಿಗೆ ಕೂರಿಸಿ ಬುದ್ಧಿ ಹೇಳುವುದರಲ್ಲಿ ನನ್ನನ್ನು ಬಿಟ್ಟರೆ ಇನ್ನೊಬ್ಬರಿಲ್ಲ ಎಂದು ಜನ ಹೇಳಿ ಹೇಳಿ, ನಾನೂ ಅದನ್ನು ನಂಬಿಬಿಟ್ಟಿದ್ದೆ.

"ಹೇಳವ್ವ, ಹೆದರಬ್ಯಾಡ, ನಾನಿದೀನಿ. ಇವ್ನು ಏನೇನ್ ಮಾಡಿದಾನೆ ಎಲ್ಲ ಹೇಳು. ಇವ್ನ ಮುಂದೇನೇ ಹೇಳು" ಎಂದೆ.

ಅವಳು ಹೇಳಲಿಲ್ಲ. ನಾನು ಬಿಡಲಿಲ್ಲ. ಬಾಯಿ ಬಿಡಿಸುವುದು ನನ್ನ ಹೆಚ್ಚುಗಾರಿಕೆ ತಾನೇ. ಕೊನೆಗೆ ನೆಲ ನೋಡುತ್ತಾ ಒಂದೊಂದೇ ಹೇಳಿದಳು. ಸಾರಿಗೆ ಉಪ್ಪು ಹೆಚ್ಚಾಯಿತೆಂದು ಮುದ್ದೆ ಕೋಲಿನಲ್ಲಿ ಹೊಡೆದದ್ದು. ಬಸುರಿಯಿದ್ದಾಗ ಸೊಂಟಕ್ಕೆ ಒದ್ದದ್ದು. ಅಕ್ಕನಿಗೆ ಫೋನ್ ಮಾಡಿದಳೆಂದು ಬಿಸಿ ಚಹಾ ಎದೆಗೆ ಎರಚಿದ್ದು. ಮಗಳ ಎದುರಿಗೆ ಕೂದಲು ಹಿಡಿದು ಅಂಗಳದ ತನಕ ಎಳೆದದ್ದು. ಒಟ್ಟು ಹನ್ನೊಂದು ಸಂಗತಿ ಹೇಳಿಸಿದೆ. ಆಮೇಲೆ ಅವನ ಕಡೆ ತಿರುಗಿ ಅವನ ಬೆವರಿಳಿಸಿದೆ. ನ್ಯಾಮತಿಯಲ್ಲಿ ಪಂಪ್‌ಸೆಟ್ಟಿನ ಮೋಟರ್ ವೈಂಡಿಂಗ್ ಅಂಗಡಿ ಇಟ್ಟಿದ್ದ ಮನುಷ್ಯ, ಇಸ್ತ್ರಿ ಶರ್ಟು, ಹಣೆಗೆ ವಿಭೂತಿ. ನನ್ನ ಬಾಯಿಗೆ ಬಂದಂತೆ ಬೈಸಿಕೊಂಡು ಗಳಗಳ ಅತ್ತ. "ತಪ್ಪಾತು ಅಕ್ಕಾ. ಒಡಹುಟ್ಟಿದ ಅಕ್ಕನಂಗೆ ಕಣ್ತೆರೆಸಿದ್ರಿ" ಎಂದ. ಮುಚ್ಚಳಿಕೆ ಬರೆಸಿಕೊಂಡೆ, ಸಹಿ ಹಾಕಿದ.

ಅಷ್ಟಕ್ಕೇ ನಿಲ್ಲಿಸುವವಳಲ್ಲ ನಾನು. ರಾಜಿಯಾಗಿ ಗಂಡನ ಜೊತೆ ಹೊರಟ ಹೆಣ್ಣುಮಕ್ಕಳಿಗೆ ಉಡಿ ತುಂಬಿ ಕಳಿಸುವ ಪದ್ಧತಿಯನ್ನು ನಮ್ಮ ಆಫೀಸಿನಲ್ಲಿ ನಾನೇ ಶುರುಮಾಡಿದ್ದೆ. ಬೀರುವಿನಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಎಲೆ ಅಡಿಕೆ, ರವಿಕೆ ಕಣ ಯಾವಾಗಲೂ ಇರುತ್ತಿದ್ದವು. ತವರಿನವರು ಮಾಡಬೇಕಾದದ್ದನ್ನು ನಾವು ಮಾಡುತ್ತೇವೆ ಎಂದು ನನಗೆ ಜಂಬ. ಅವಳ ಸೆರಗಿಗೆ ಅಕ್ಕಿ ಹಾಕಿ, "ಇದು ನಿನ್ನ ತವರುಮನಿ ಅಂತ ತಿಳ್ಕಾ" ಎಂದೆ. ಅವನು ನನ್ನ ಕಾಲಿಗೆ ಬಿದ್ದ. ಇಬ್ಬರೂ ಬೈಕ್ ಹತ್ತಿ ಹೋದರು. ನಾನು ಫೈಲಿನ ಮೇಲೆ 'ಹೊಂದಾಣಿಕೆ' ಎಂದು ಬರೆದು, ಚಹಾ ತರಿಸಿಕೊಂಡು ಕುಡಿದೆ.

ಎರಡು ವಾರಕ್ಕೆ ಮೇಲಿನಿಂದ ಪತ್ರ ಬಂತು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆಯ ಸಮಾಲೋಚಕರೆಲ್ಲ ಚನ್ನಗಿರಿಯಲ್ಲಿ ತರಬೇತಿಗೆ ಹಾಜರಾಗಬೇಕು. ವಿಷಯ, ಮನೆಯಲ್ಲಿ ಹೊಡೆಯುವ ಗಂಡಸರ ಜೊತೆ ಕೆಲಸ ಮಾಡುವುದು. ಓದಿ ಮೈ ಉರಿದುಹೋಯಿತು. ಹೊಡೆಯುವವರಿಗೆ ಬೇಕಾದದ್ದು ಒಂದು ಜೊತೆ ಹಳೇ ಚಪ್ಪಲಿ, ಅದಕ್ಕೆ ತರಬೇತಿ ಯಾಕೆ ಎಂದು ಆಫೀಸಿನಲ್ಲಿ ಕೂಗಾಡಿದೆ. ಬೈಯುತ್ತಲೇ ಬಸ್ ಹತ್ತಿದೆ.

ತರಬೇತಿ ಕೊಡಲು ಬಂದವಳು ನನ್ನ ಮಗಳ ವಯಸ್ಸಿನ ಹುಡುಗಿ. ಎಲ್ಲೋ ದೂರದೂರಲ್ಲಿ ಇಂಥ ಗಂಡಸರ ಗುಂಪುಗಳನ್ನು ನಡೆಸಿದವಳಂತೆ. ದನಿ ಎತ್ತುತ್ತಿರಲಿಲ್ಲ, ಅದಕ್ಕೇ ನನಗೆ ಅವಳು ಹಿಡಿಸಲಿಲ್ಲ. ಮೊದಲ ದಿನ ಎಲ್ಲರಿಗೂ, ನೀವು ಚೆನ್ನಾಗಿ ಬಗೆಹರಿಸಿದ ಒಂದು ಪ್ರಕರಣ ಹೇಳಿ ಎಂದಳು. ನಾನು ಈ ನ್ಯಾಮತಿಯವರದ್ದೇ ಹೇಳಿದೆ. ಹನ್ನೊಂದು ಸಂಗತಿ, ಮುಚ್ಚಳಿಕೆ, ಕಣ್ಣೀರು, ಉಡಿ, ಎಲ್ಲವನ್ನೂ ಉಪ್ಪುಖಾರ ಹಚ್ಚಿ ಹೇಳಿದೆ. ಕೆಲವರು ತಲೆದೂಗಿದರು.

"ಆಮೇಲೆ ಅವಳನ್ನು ಯಾರಾದರೂ ನೋಡಿದಿರಾ?" ಎಂದು ಕೇಳಿದಳು.

"ಉಡಿ ತುಂಬಿ ಕಳಿಸೀವಲ್ಲಮ್ಮ. ಏನಾದ್ರೂ ಆದ್ರೆ ಬರ್ತಾಳೆ, ತವರುಮನಿ ಅಂತ ಹೇಳೀನಿ."

ಆಗ ಹಿಂದಿನ ಸಾಲಿನಿಂದ ಒಬ್ಬರು ಎದ್ದರು. ಜಗಳೂರಿನಿಂದ ಬಂದ ಸಮಾಲೋಚಕರು, ಆರಡಿ ಎತ್ತರ, ದಪ್ಪ ಮೀಸೆ. "ಬರಂಗಿಲ್ಲ ಮೇಡಂ" ಎಂದರು. "ನಮ್ಮಕ್ಕನ್ನ ಹಿಂಗೇ ಉಡಿ ತುಂಬಿ ಕಳಿಸಿದ್ವಿ. ತಿಂಗ್ಳೊಪ್ಪತ್ತಿಗೆ ಮೈಯೆಲ್ಲ ಬಾಸುಂಡೆ ಹೊತ್ಕೊಂಡು ಬಂದ್ಲು. ನಮ್ಮಪ್ಪ ಹೊಸ್ತಿಲ ಮ್ಯಾಲೆ ನಿಂತು, ಉಡಿ ಅಕ್ಕಿ ಇನ್ನಾ ಕರಗಿಲ್ಲ, ಇಷ್ಟ್ ಬೇಗ ಬಂದ್ರೆ ಓಣಿಯೋರು ಏನಂತಾರೆ ಅಂದ. ನೀರೂ ಕುಡೀದೆ ಹೊಳ್ಳಿ ಹೋದ್ಲು. ಉಡಿ ತುಂಬೋದು ಅಂದ್ರೆ ಬಾ ಅಂತ ಅಲ್ಲ ಮೇಡಂ. ಹೋಗು, ಅಲ್ಲೇ ಇರು ಅಂತ."

ನನಗೆ ಸಿಟ್ಟು ಬಂತು, ಯಾರ ಮೇಲೆ ಎಂದು ತಿಳಿಯಲಿಲ್ಲ. ನಮ್ಮ ಆಫೀಸಿನಲ್ಲಿ ಉಡಿ ತುಂಬಿಸಿಕೊಂಡು ಹೋದ ಹೆಂಗಸರಲ್ಲಿ ವಾಪಸ್ ಬಂದವರು ಯಾರು ಎಂದು ನೆನೆಸಿಕೊಳ್ಳಲು ನೋಡಿದೆ. ಒಬ್ಬಳೂ ನೆನಪಾಗಲಿಲ್ಲ. ಅದನ್ನೇ ಇಷ್ಟು ವರ್ಷ ನನ್ನ ಗೆಲುವು ಎಂದುಕೊಂಡಿದ್ದೆ.

ಮಧ್ಯಾಹ್ನ ಅಭಿನಯದ ಪಾಠ. ನಾನು ಆ ಗಂಡ, ಜಗಳೂರಿನವರು ಹೆಂಡತಿ. ಅವರು ಟವೆಲನ್ನು ಸೆರಗಿನ ಹಾಗೆ ತಲೆ ಮೇಲೆ ಹೊದ್ದುಕೊಂಡಾಗ ಎಲ್ಲರೂ ಬಿದ್ದು ಬಿದ್ದು ನಕ್ಕರು. "ಆಫೀಸಿನಿಂದ ಈಗಷ್ಟೇ ಮನೆಗೆ ಬಂದಿದ್ದೀರಿ, ಬಾಗಿಲು ಹಾಕಿಕೊಂಡಿದ್ದೀರಿ, ಮುಂದುವರಿಸಿ" ಎಂದಳು ಹುಡುಗಿ.

"ಏನೇ, ಅಕ್ಕನ ಮುಂದೆ ಭಾಳ ಬಾಯಿ ಬಂತಲ್ಲ ನಿಂಗೆ?" ಎಂದೆ. ಅಲ್ಲಿಂದ ಮುಂದಿನ ಮಾತಿಗೆ ನಾನು ತಡಕಾಡಲೇ ಇಲ್ಲ. ಒಂದರ ಹಿಂದೆ ಒಂದು ತಾನೇ ಬಂದವು. ಟವೆಲ್ ಕಿತ್ತೆಸೆದೆ, ತಲೆಗೂದಲಿಗೆ ಕೈ ಹಾಕಿದೆ, ಗೋಡೆಗೆ ಒತ್ತಿದೆ. ಅವರು ಸಣ್ಣ ದನಿಯಲ್ಲಿ "ತಪ್ಪಾತು ರೀ" ಎಂದರು. ತಪ್ಪಾಯಿತು ಎಂದದ್ದಕ್ಕೇ ನನ್ನ ಸಿಟ್ಟು ನೆತ್ತಿಗೇರಿತು. ಹೊಡೆದೆ. ಅಭಿನಯವಲ್ಲ, ನಿಜವಾಗಿ ಹೊಡೆದೆ. ನಗು ನಿಂತಿತು. ಅವರ ಹಲ್ಲಿಗೆ ತಾಗಿ ತುಟಿ ಒಡೆದು ಮೀಸೆಯ ತುದಿಗೆ ರಕ್ತ ಬಂತು. ನನ್ನ ಅಂಗೈ ಚುರುಗುಟ್ಟುತ್ತಿತ್ತು. ಮುಚ್ಚಿಡುವುದೇನು, ಆ ಒಂದು ಗಳಿಗೆ ನನಗೆ ಹಿತವಾಗಿತ್ತು. ಮರುಗಳಿಗೆಗೆ ಹೊರಗೆ ಓಡಿ ವಾಂತಿ ಮಾಡಿಕೊಂಡೆ.

ಹುಡುಗಿ ನೀರಿನ ಬಾಟಲಿ ಹಿಡಿದು ಹಿಂದೆಯೇ ಬಂದಳು. ಬೈಯಲಿಲ್ಲ. "ಮನೆಗೆ ಹೋದ ಮೇಲೆ ಅವನು ಏನು ಮಾಡುತ್ತಾನೆ ಅಂತ ನಿಮಗೆ ಇಷ್ಟು ವಿವರವಾಗಿ ಗೊತ್ತಿತ್ತಲ್ಲ ಮೇಡಂ" ಎಂದಳು ಅಷ್ಟೇ.

ಗೊತ್ತಿತ್ತು. ಗೊತ್ತಿದ್ದೇ ಉಡಿ ತುಂಬಿದ್ದೆ. ಒಳಗೆ ಹೋಗಿ ಜಗಳೂರಿನವರ ಕೈ ಹಿಡಿದು ಕ್ಷಮೆ ಕೇಳಿದೆ. ಅವರು ಟವೆಲಿನಿಂದ ತುಟಿ ಒತ್ತಿಕೊಂಡು, "ಮೊದ್ಲು ಆ ಹೆಣ್ಮಗಳನ್ನ ನೋಡ್ಕಂಡ್ ಬರ್ರಿ" ಎಂದರು.

ಮನೆಗೆ ನೇರ ಹೋಗಬೇಡಿ, ಅವನಿಗೆ ಗೊತ್ತಾಗದ ಹಾಗೆ ಭೇಟಿಯಾಗಿ ಎಂದು ಹುಡುಗಿ ಹೇಳಿಕೊಟ್ಟಳು. ಆ ಹೆಂಗಸಿನ ಓಣಿಯ ಆಶಾ ಕಾರ್ಯಕರ್ತೆಯ ಮೂಲಕ, ಮಗಳಿಗೆ ಲಸಿಕೆ ಹಾಕಿಸುವ ನೆಪದಲ್ಲಿ, ನ್ಯಾಮತಿಯ ಆಸ್ಪತ್ರೆಯ ಹಿಂದಿನ ಕಟ್ಟೆಯ ಮೇಲೆ ಅವಳನ್ನು ಕಂಡೆ. ಬಲಗೈಯ ಮೂರು ಬೆರಳಿಗೆ ಬಟ್ಟೆ ಸುತ್ತಿದ್ದಳು. ಬಟ್ಟೆಯಿಂದ ಹೊರಗಿದ್ದ ಬೆರಳ ತುದಿಗಳು ಬದನೆಕಾಯಿ ಬಣ್ಣಕ್ಕೆ ತಿರುಗಿ ಊದಿದ್ದವು.

ನಾನು ಕೇಳುವ ಮೊದಲೇ ಹೇಳಿದಳು. "ಅವತ್ತು ನಿಮ್ ಹತ್ರ ಏನೇನ್ ಹೇಳಿದ್ನೋ ಅದನ್ನೆಲ್ಲ ಒಂದೊಂದೇ ಹೇಳು ಅಂದ. ಒಂದು ಹೇಳಿದ್ರೆ ಒಂದು ಏಟು. ಮರ್ತ್ರೆ ಎರಡು. ಅವ್ನಿಗೆ ಎಲ್ಲ ನೆಪ್ಪೈತೆ ಅಕ್ಕಾ, ಕೂತು ಕೇಳಿದ್ನಲ್ಲ. ಹನ್ನೊಂದನೇದಕ್ಕೆ ಬಾಗ್ಲ ಸಂದೀಲಿ ಬೆರಳಿಡು ಅಂದ."

ಹನ್ನೊಂದೂ ನಾನು ಹೇಳಿಸಿದ್ದು. ಒಂದೊಂದಕ್ಕೂ, ಹೇಳವ್ವ, ಹೆದರಬ್ಯಾಡ ಎಂದಿದ್ದೆ. "ನಂಗ್ಯಾಕೆ ಒಂದು ಫೋನ್ ಮಾಡ್ಲಿಲ್ಲ?" ಎಂದು ಕೇಳಿದೆ. ಅವಳು ಮಗಳ ಜಡೆ ಸರಿಮಾಡಿದಳು.

ಅದೇ ವಾರ ಅವಳು ಮಗಳನ್ನು ಕರೆದುಕೊಂಡು ಸಾಸ್ವೆಹಳ್ಳಿಯ ಅಕ್ಕನ ಮನೆಗೆ ಹೋದಳು. ಪೊಲೀಸ್ ಕಂಪ್ಲೇಂಟಿಗೆ ಮಾತ್ರ ಒಪ್ಪಲಿಲ್ಲ. ಇಂಥ ಹೆಂಗಸರಿಗಾಗಿ ಸರ್ಕಾರ ನೇಮಿಸಿದ ಸಂರಕ್ಷಣಾಧಿಕಾರಿಯ ಮೂಲಕ ಕೋರ್ಟಿಗೆ ಅರ್ಜಿ ಹೋಯಿತು. ಅವನು ಅವಳ ಹತ್ತಿರ ಸುಳಿಯಬಾರದು, ತರಬೇತಿಯ ನಂತರ ನಮ್ಮಲ್ಲಿ ವಾರಕ್ಕೊಮ್ಮೆ ನಡೆಸಲು ಶುರುಮಾಡಿದ್ದ ಗಂಡಸರ ಬೈಠಕ್ಕಿಗೆ ತಪ್ಪದೆ ಬರಬೇಕು ಎಂದು ಕೋರ್ಟು ಹೇಳಿತು. ಬೈಠಕ್ಕನ್ನು ಒಬ್ಬ ಹೆಂಗಸು, ಒಬ್ಬ ಗಂಡಸು ಸೇರಿ ನಡೆಸಬೇಕು ಎಂಬುದು ತರಬೇತಿಯ ನಿಯಮ. ಹಾಗಾಗಿ ಜಗಳೂರಿನವರು ಪ್ರತಿ ಗುರುವಾರ ಎರಡು ಬಸ್ ಬದಲಿಸಿ ಹೊನ್ನಾಳಿಗೆ ಬರತೊಡಗಿದರು.

ಏಳು ಜನ ಗಂಡಸರು ಗೋಡೆಗೆ ಒರಗಿ ಚಾಪೆಯ ಮೇಲೆ ಕೂರುತ್ತಿದ್ದರು. ಮೊದಲ ದಿನ ಇವನು ಬಂದವನೇ "ಅಕ್ಕಾ" ಎಂದು ಕಾಲಿಗೆ ಬೀಳಲು ಬಗ್ಗಿದ. ಕಾಲು ಹಿಂದೆ ಎಳೆದುಕೊಂಡೆ. "ಅಕ್ಕ ಅಲ್ಲ. ಮೇಡಂ ಅನ್ನು" ಎಂದೆ. ಅವನ ಮುಖದ ನಗೆ ಒಂದಿಷ್ಟೂ ಅಲುಗಲಿಲ್ಲ.

ಅಲ್ಲಿ ಬೈಯುವ ಹಾಗಿಲ್ಲ, ಬುದ್ಧಿ ಹೇಳುವ ಹಾಗಿಲ್ಲ. ಅದು ನನಗೆ ಎಷ್ಟು ಕಷ್ಟವಾಯಿತೆಂದರೆ ತೊಡೆಯ ಕೆಳಗೆ ಕೈ ಇಟ್ಟುಕೊಂಡು ಕೂರುತ್ತಿದ್ದೆ. ಹೊಡೆದ ಒಂದು ದಿನವನ್ನು ಅವರು ಮೊದಲಿನಿಂದ ಕೊನೆಯವರೆಗೆ ನಿಧಾನವಾಗಿ ಹೇಳಬೇಕು. ಎಲ್ಲಿ ನಿಂತಿದ್ದೆ, ಯಾವ ಕೈ, ಅವಳ ಮುಖ ಹೇಗಿತ್ತು, ಮಕ್ಕಳು ಎಲ್ಲಿದ್ದರು. ಸಿಟ್ಟು ಬಂತು, ಮೈಮೇಲೆ ಖಬರಿರಲಿಲ್ಲ ಎಂದೇ ಎಲ್ಲರೂ ಶುರುಮಾಡುತ್ತಿದ್ದರು. ಇವನೂ ಹಾಗೇ ಹೇಳಿದ. ಬಾಗಿಲ ದಿನದ ಬಗ್ಗೆ ಜಗಳೂರಿನವರು ಮೆಲ್ಲಗೆ ಬಿಡಿಸುತ್ತಾ ಹೋದರು.

"ಬೆರಳಿಡಿಸೋಕೆ ಮುಂಚೆ ಏನ್ ಮಾಡಿದ್ರಿ?"

"ಟಿವಿ ಸೌಂಡ್ ಜಾಸ್ತಿ ಮಾಡ್ದೆ ಸಾರ್. ಪಕ್ಕದ್ಮನೆಯೋರಿಗೆ ಕೇಳಬಾರ್ದು ಅಂತ."

"ಅದಕ್ಕೂ ಮುಂಚೆ?"

"ಮಗಳನ್ನ ಅಂಗಡಿಗೆ ಬಿಸ್ಕೆಟ್ ತರಾಕೆ ಕಳಿಸ್ದೆ." ಯಾರೂ ಕೇಳುವ ಮೊದಲೇ ಅವನೇ ಸೇರಿಸಿದ. "ಬಲಗೈ ಇಡು ಅಂದೆ. ಎಡಗೈ ಇಟ್ಟಿದ್ಲು. ಹೊಲಿಗೆ ಹಾಕೋದು ಬಲಗೈಯಾಗೆ ಅಂತ ನಂಗೆ ಗೊತ್ತಿತ್ತು."

ಎದ್ದು ಅವನ ಗಂಟಲು ಹಿಚುಕಬೇಕು ಅನ್ನಿಸಿತು. ಹಿಚುಕಲಿಲ್ಲ. ಬರೆದುಕೊಂಡೆ.

ವಾರಗಳು ಹೋದ ಹಾಗೆ ಅವನು ಎಲ್ಲರಿಗಿಂತ ಚೆನ್ನಾಗಿ ಹೇಳತೊಡಗಿದ. ನೆಪ ಹೇಳುವುದು ಬಿಟ್ಟ. ಹೊಸದಾಗಿ ಬಂದವರು ತಪ್ಪಿಸಿಕೊಳ್ಳಲು ನೋಡಿದರೆ ಅವನೇ ಹಿಡಿದು ನಿಲ್ಲಿಸುತ್ತಿದ್ದ. ಒಂದು ದಿನ ಅವಳ ಬೆರಳಿನ ಮಾತು ಆಡುತ್ತಾ ತನ್ನ ಬೆರಳನ್ನೇ ಕಚ್ಚಿಕೊಂಡು ಅತ್ತ. ನನಗೆ ಒಳಗೊಳಗೇ ಹಿಗ್ಗು. ಹದಿನೆಂಟು ವರ್ಷದ ಪಾಪಕ್ಕೆ ಇವನೊಬ್ಬನಾದರೂ ನೆಟ್ಟಗಾದರೆ ಸಾಕು ಎಂದು ದೇವರಿಗೆ ಕೈ ಮುಗಿದೆ.

ಹೆಂಡತಿಯರನ್ನು ಬೇರೆಯಾಗಿ ಭೇಟಿಯಾಗಿ, ಹೇಗಿದ್ದೀರಿ, ಭಯ ಇದೆಯಾ ಎಂದು ಕೇಳುವುದೂ ನಮ್ಮ ಕೆಲಸ. ಅವಳು ಈಗ ಹೊನ್ನಾಳಿಯ ಒಂದು ಟೈಲರಿಂಗ್ ಅಂಗಡಿಗೆ ಕೆಲಸಕ್ಕೆ ಬರುತ್ತಿದ್ದಳು, ವಕ್ರವಾದ ಬೆರಳುಗಳಲ್ಲೇ ಗುಂಡಿ ಹಚ್ಚುವುದು, ಅಂಚು ಹೊಲಿಯುವುದು. ಹದಿನೈದು ದಿನಕ್ಕೊಮ್ಮೆ ಹೋಗುತ್ತಿದ್ದೆ. ಕೇಳಬೇಕಾದದ್ದನ್ನು ಒಂದೇ ಉಸಿರಿಗೆ ಕೇಳಿ ಮುಗಿಸಿ, ಅವನು ಎಷ್ಟು ಬದಲಾಗಿದ್ದಾನೆ ಎಂದು ಹೇಳುತ್ತಾ ಕೂರುತ್ತಿದ್ದೆ. ಅವಳು ದಾರ ಪೋಣಿಸುತ್ತಾ ಹೂಂಗುಟ್ಟುತ್ತಿದ್ದಳು. ಬೈಠಕ್ಕು ಮುಗಿದ ಮೇಲೆ ವಾಪಸ್ ಹೋಗಬೇಕೋ ಬೇಡವೋ ಎಂಬುದು ಅವಳಿಗೆ ಬಿಟ್ಟದ್ದು ಎಂದು ಬಾಯಲ್ಲಿ ಹೇಳುತ್ತಿದ್ದೆ. ನನ್ನ ಮುಖ ಏನು ಹೇಳುತ್ತಿತ್ತೋ ಅವಳು ಓದಿಕೊಂಡಿರಬೇಕು.

ಹದಿನೈದನೇ ವಾರ. ನೀವು ಈಗ ಹೆಂಡತಿಯ ಯಾವ ಕಷ್ಟದ ಬಗ್ಗೆ ಯೋಚನೆ ಮಾಡುತ್ತೀರಿ ಎಂದು ಕೇಳಿದ್ದೆವು. ಅವನ ಸರದಿ ಬಂತು. "ಐದೂವರೆ ಬಸ್ಸಿಗೆ ಕಿಟಕಿ ಪಕ್ಕ ಕೂರ್ತಾಳೆ ಮೇಡಂ. ಗಾಳಿ ಬಡಿದ್ರೆ ಅವಳಿಗೆ ತಲೆನೋವು ಬರ್ತತೆ. ಅದೇ ಚಿಂತಿ ನಂಗೆ" ಎಂದ. ಗಂಡಸರೆಲ್ಲ ಮೆಚ್ಚಿ ಗೋಣು ಹಾಕಿದರು. ಒಬ್ಬ ಮುದುಕ ಕಣ್ಣೊರೆಸಿಕೊಂಡ. ಪುಸ್ತಕದಲ್ಲಿ 'ಪತ್ನಿಯ ಆರೋಗ್ಯದ ಕಾಳಜಿ' ಎಂದು ಬರೆದು ಕೆಳಗೆ ಗೆರೆ ಎಳೆದೆ.

ಎಲ್ಲರೂ ಹೋದ ಮೇಲೆ ಜಗಳೂರಿನವರು ಚಾಪೆ ಸುತ್ತುತ್ತಾ ನಿಂತುಬಿಟ್ಟರು. "ಮೇಡಂ, ಆಕಿ ಕಿಟಕಿ ಪಕ್ಕ ಕೂರೋದು ಇವ್ನಿಗೆ ಹೆಂಗೆ ಗೊತ್ತು?"

ಕೋರ್ಟು ಅವನನ್ನು ಅವಳ ಹತ್ತಿರ ಸುಳಿಯಬೇಡ ಎಂದಿತ್ತು. ಅವಳು ಕೆಲಸಕ್ಕೆ ಬರುವ ಸಂಗತಿಯನ್ನು ನಾವ್ಯಾರೂ ಅವನಿಗೆ ಹೇಳಿರಲಿಲ್ಲ. ಟೈಲರಿಂಗ್ ಅಂಗಡಿಗೆ ಓಡಿದೆ. ಅವಳು ಬೀಗ ಹಾಕುತ್ತಿದ್ದಳು. ಏದುಸಿರು ಬಿಡುತ್ತಾ ಹೇಳಿದೆ. ಅವಳಿಗೆ ಆಶ್ಚರ್ಯವೇ ಆಗಲಿಲ್ಲ.

"ಗೊತ್ತೈತೆ ಅಕ್ಕಾ. ಎರಡು ತಿಂಗ್ಳಿಂದ ಬಸ್‌ಸ್ಟ್ಯಾಂಡಿನಾಗೆ ನಿಂತಿರ್ತಾನೆ. ನಾನು ಹತ್ತೋ ತನಕ ನೋಡ್ತಾನೆ. ಹೋದ್ವಾರ ಬೈಕಿನಾಗೆ ಬಸ್ಸಿನ ಪಕ್ಕದಾಗೇ ಬಂದ."

"ಎರಡು ತಿಂಗ್ಳು! ನಂಗೆ ಹೇಳಬಾರದೇನೇ?"

"ಹೆಂಗೆ ಹೇಳ್ಲಿ? ಬಂದಾಗೆಲ್ಲ ಅವ್ನು ಸುಧಾರಿಸ್ಯಾನೆ ಅಂತ ಅಷ್ಟು ಖುಷಿಯಾಗಿ ಹೇಳ್ತಿದ್ರಿ. ನಿಮ್ ಖುಷಿ ಯಾಕೆ ಹಾಳ್ ಮಾಡ್ಲಿ ಅಂತ ಸುಮ್ನಾದೆ."

ಯಾರೂ ನನ್ನನ್ನು ಅಷ್ಟು ಜೋರಾಗಿ ಹೊಡೆದದ್ದಿಲ್ಲ. ನನ್ನನ್ನು ಸಂತೋಷಪಡಿಸಲು ಅವಳು ಎರಡು ತಿಂಗಳು ದಿನಾ ಸಾವಿನ ಎದುರು ಬಸ್ ಹತ್ತಿದ್ದಳು. "ನಡಿ, ನಾನೂ ಬರ್ತೀನಿ" ಎಂದೆ. ಜಗಳೂರಿನವರಿಗೆ ಫೋನ್ ಮಾಡಿದೆ.

ಬಸ್‌ಸ್ಟ್ಯಾಂಡಿನಲ್ಲಿ ಅವನು ಹೂವಿನ ಅಂಗಡಿಯ ಪಕ್ಕ ನಿಂತಿದ್ದ. ನನ್ನನ್ನು ನೋಡಿ ಕೈ ಮುಗಿದ. ಇಲ್ಲಿಗೆ ಬರಬಾರದು ಎಂದು ಕೋರ್ಟು ಹೇಳಿದೆ, ಈಗಲೇ ಹೊರಡು, ಇದನ್ನು ನಾಳೆಯೇ ಬರೆದು ಕಳಿಸುತ್ತೇನೆ ಎಂದೆ. ಅವನು ನನ್ನನ್ನು ದಾಟಿ ಹೋಗಿ, ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟಿದ್ದ ಅವಳ ಜಡೆಗೆ ಕೈ ಹಾಕಿ ಹಿಂದಕ್ಕೆ ಎಳೆದ. ಅವಳು ಬೆನ್ನು ಅಡಿಯಾಗಿ ಬಿದ್ದಳು. ಹೊಟ್ಟೆಗೆ ಒದ್ದ. ಮತ್ತೆ ಒದ್ದ. ನಾನು ಅವನ ಶರ್ಟು ಹಿಡಿದು ಎಳೆದೆ. ತಿರುಗಿದ. "ನೀನು ನನ್ ಕಡೆ ಇದ್ಯಲ್ಲೇ!" ಎಂದು ಕೂಗಿ ನನ್ನ ಕೆನ್ನೆಗೆ, ಕಿವಿ ಸೇರಿಸಿ, ಬಾರಿಸಿದ. ಕನ್ನಡಕ ಎಲ್ಲೋ ಹಾರಿತು. ಬಾಯಲ್ಲಿ ರಕ್ತದ ರುಚಿ. ಎರಡನೇ ಏಟಿಗೆ ಬಸ್ಸಿನ ಚಕ್ರದ ಪಕ್ಕ ಕುಸಿದೆ. ಆ ಹೊತ್ತಿಗೆ ಓಡಿಬಂದ ಜಗಳೂರಿನವರೂ ಕಂಡಕ್ಟರೂ ಅವನನ್ನು ಕೆಡವಿ ಹಿಡಿದರು.

ಠಾಣೆಯಲ್ಲಿ ಕೂತಾಗ ನನ್ನ ಒಂದು ಕಿವಿಯಲ್ಲಿ ಗುಂಯ್ ಎನ್ನುತ್ತಿತ್ತು. ಬರೆದುಕೊಳ್ಳಲು ಕೂತ ಹೆಡ್ ಕಾನ್ಸ್‌ಟೇಬಲ್ ಒಳ್ಳೆಯ ಮನುಷ್ಯ, ನನಗೆ ನೀರು ತರಿಸಿಕೊಟ್ಟು ಕೇಳಿದರು. "ನಿಮ್ಗ್ಯಾಕೆ ಹೊಡ್ದ ಮೇಡಂ?"

"ಅದು... ನಾನು ಸ್ವಲ್ಪ ಜೋರಾಗಿ ಮಾತಾಡ್ದೆ ಅನ್ಸುತ್ತೆ" ಎಂದೆ. "ಅಷ್ಟು ಜನರ ಮುಂದೆ ಅವ್ನ ಶರ್ಟು ಹಿಡೀಬಾರದಿತ್ತು. ಕತ್ತಿನ ಹತ್ರ ಹಿಡ್ದೆ, ಅವ್ನಿಗೆ ಅವಮಾನ ಆಗಿರಬೇಕು..."

ನನ್ನ ಮಾತು ನನಗೇ ಕೇಳಿಸಿತು. ಆದರೂ ನಿಲ್ಲಿಸಲು ಆಗಲಿಲ್ಲ, ನನ್ನ ತಪ್ಪುಗಳನ್ನು ಒಂದೊಂದಾಗಿ ಜೋಡಿಸಿ ಕೊಡುತ್ತಲೇ ಇದ್ದೆ. ಅವರು ಬರೆದುಕೊಳ್ಳುತ್ತಲೇ ಇದ್ದರು.

ಪಕ್ಕದಲ್ಲಿ ಹೊಟ್ಟೆ ಹಿಡಿದುಕೊಂಡು ಬಗ್ಗಿ ಕೂತಿದ್ದ ಅವಳು ತಲೆ ಎತ್ತಿದಳು.

"ಯಾಕೆ ಅನ್ನೋದು ಅವ್ನನ್ನ ಕೇಳ್ರಿ ಸಾರ್" ಎಂದಳು. "ಅದನ್ನ ಹೊಡೆದ್ಹಾಕ್ರಿ. ಅಕ್ಕಾರಿಗೆ ಅವ್ನು ಏನ್ ಮಾಡ್ದ ಅಂತ ಬರ್ಕಳ್ರಿ ಮೊದ್ಲು. ಆಮ್ಯಾಲೆ ಇನ್ನೊಂದು ಹಾಳೆ ತಗಳ್ರಿ. ನಂದೂ ಐತೆ, ಕಂಪ್ಲೇಂಟ್ ಕೊಡ್ತೀನಿ."

ಅವರು ಬರೆದಿದ್ದನ್ನು ಹೊಡೆದುಹಾಕಿ ಮೊದಲಿನಿಂದ ಶುರುಮಾಡಿದರು. ನನ್ನದು ಅರ್ಧ ಪುಟಕ್ಕೆ ಮುಗಿಯಿತು. ಅವಳದ್ದು ಮುಗಿಯಲು ಬಹಳ ಹೊತ್ತು ಹಿಡಿಯಿತು. ನಮ್ಮ ಆಫೀಸಿನಲ್ಲಿ ಹೇಳದೆ ಉಳಿಸಿಕೊಂಡದ್ದೆಲ್ಲ ಅದರಲ್ಲಿತ್ತು. ನಾನು ನಡುವೆ ಒಂದು ಸಲವೂ ಬಾಯಿ ಹಾಕದೆ ಕೇಳುತ್ತಾ ಕೂತಿದ್ದೆ.